ಮಳೆಗಾಲದ ರಾನೋಂಗ್‌ನಲ್ಲಿ ಅಗ್ಗದ ಗೆಸ್ಟ್‌ಹೌಸ್: ರೂಮು ಹಿಡಿಯುವ ಮೊದಲು ಏನೇನು ನೋಡಬೇಕು?

ಚೀಲದ ಪಯಣ
ಆಗಸ್ಟ್ ಎರಡನೇ ವಾರ ಥಾಯ್ಲೆಂಡಿನ ರಾನೋಂಗ್‌ನಲ್ಲಿ ಐದು ರಾತ್ರಿ ಉಳಿಯುವುದಿದೆ. ಇಬ್ಬರು. ರೂಮಿಗೆ ದಿನಕ್ಕೆ 500 ಬಾತ್ ದಾಟಬಾರದು. ಒಬ್ಬರು ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಫ್ಯಾನ್ ರೂಮು ಸಾಕಾ, ಎ.ಸಿ. ಬೇಕಾ? ಊರಿನ ಯಾವ ಭಾಗದಲ್ಲಿ ಇಳಿದುಕೊಳ್ಳಬೇಕು? ಆ ಮಳೆಯಲ್ಲಿ ಕೋ ಫಯಾಮ್ ದ್ವೀಪಕ್ಕೆ ದೋಣಿ ಹೋಗುತ್ತದಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಕಡಲತಡಿ
ಮೊದಲು ಮಳೆಯ ಲೆಕ್ಕ ತಿಳ್ಕೊಳ್ಳಿ ಮಾರಾಯ್ರೆ, ರೂಮಿನ ಆಯ್ಕೆ ಎಲ್ಲ ಅದರ ಮೇಲೆಯೇ ನಿಂತಿರುವುದು. ರಾನೋಂಗ್ ಥಾಯ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಪ್ರಾಂತ್ಯಗಳಲ್ಲಿ ಒಂದು. ವರ್ಷಕ್ಕೆ 4,000 ಮಿ.ಮೀ. ದಾಟುತ್ತದೆ. "ಫೋನ್ ಪೇತ್, ದೇತ್ ಸೀ" ಅಂತ ಅಲ್ಲಿನವರ ಮಾತು, ಮಳೆ ಎಂಟು, ಬಿಸಿಲು ನಾಲ್ಕು ತಿಂಗಳು ಎಂದು ಅರ್ಥ. ಮಂಗಳೂರಿನ ಆಷಾಢ ಕಂಡವರಿಗೆ ಹೊಸತೇನಲ್ಲ. ಅಂಡಮಾನ್ ಸಮುದ್ರದ ಆಚೆಯಿಂದ ಬರುವ ಅದೇ ನೈಋತ್ಯ ಮುಂಗಾರು, ಅದೇ ಇರಚಲು.

ಹಾಗಾಗಿ ದಿಕ್ಕು ನೋಡಬೇಕು. ಗಾಳಿ ಮಳೆ ಎರಡೂ ಪಶ್ಚಿಮ ಮತ್ತು ನೈಋತ್ಯದಿಂದ ಹೊಡೆಯುತ್ತವೆ. ಆ ಕಡೆಗೆ ಕಿಟಕಿ ಇರುವ ರೂಮಿನಲ್ಲಿ ಕಿಟಕಿ ತೆರೆಯುವ ಹಾಗೇ ಇಲ್ಲ, ಚೌಕಟ್ಟಿನ ಸಂದಿಯಿಂದ ನೀರು ಒಳಗೆ ಇಳಿಯುತ್ತದೆ. ಪೂರ್ವ ಅಥವಾ ಉತ್ತರಕ್ಕೆ ಕಿಟಕಿ ಇರುವ ರೂಮು ಕೇಳಿ. ಫೋನಿನ ದಿಕ್ಸೂಚಿ ತೆಗೆದು ಅಲ್ಲೇ ನಿಂತು ನೋಡಿದರೆ ಆಯಿತು.

ಆಮೇಲೆ ಮಹಡಿ. ನೆಲಮಹಡಿಯ ಗೋಡೆ ನೀರು ಕುಡಿದಿರುತ್ತದೆ, ಜೋರು ಮಳೆಗೆ ಚರಂಡಿ ಉಕ್ಕಿದರೆ ಮೊದಲು ಒದ್ದೆಯಾಗುವುದೂ ಅದೇ. ಎಲ್ಲಕ್ಕಿಂತ ಮೇಲಿನದು ತಗಡಿನ ಮಾಡಾದರೆ ರಾತ್ರಿಯೆಲ್ಲ ಡೋಲು ಬಡಿದ ಹಾಗೆ, ಜೊತೆಗೆ ಸೋರುವ ಸಾಧ್ಯತೆ. ಮೂರು ಮಹಡಿಯ ಕಟ್ಟಡದಲ್ಲಿ ನಡುವಿನದು ಹಿಡಿಯಿರಿ.

ಜಾಗ: ಹಳೇ ಪೇಟೆಯ ರುವಾಂಗ್ರಾತ್ ರಸ್ತೆ ಮತ್ತು ಅದರ ಅಡ್ಡರಸ್ತೆಗಳು. ಮಾರುಕಟ್ಟೆ, ಊಟ, ಸಾಂಗ್‌ಥ್ಯಾವ್ (ಬೆಂಚ್ ಹಾಕಿದ ಪಿಕಪ್ ಬಾಡಿಗೆ ಗಾಡಿ) ಎಲ್ಲ ನಡಿಗೆಯ ದೂರದಲ್ಲಿ. ಬಂದರಿನ ಪಕ್ಕ, ಸಫಾನ್ ಪ್ಲಾ ಕಡೆ, ಅಗ್ಗ ಸಿಕ್ಕಿದರೂ ಬೇಡ. ಅದು ಮೀನು ಇಳಿಸುವ ಧಕ್ಕೆ. ಬೆಳಗಿನ ಜಾವದಿಂದಲೇ ದೋಣಿಯ ಎಂಜಿನ್, ಐಸ್ ಲಾರಿ, ಮೀನಿನ ವಾಸನೆ. ಇನ್ನು ಬಸ್ ನಿಲ್ದಾಣ ಇರುವುದು ಫೆಟ್‌ಕಸೆಮ್ ಹೆದ್ದಾರಿಯಲ್ಲಿ, ಪೇಟೆಯಿಂದ ಸ್ವಲ್ಪ ಆಚೆ. ಅಲ್ಲೇ ಉಳಿಯುವ ಕಾರಣವಿಲ್ಲ.

ತುಂಗಾತೀರ
ಮೇಲಿನದಕ್ಕೆ ಸೇರಿಸುತ್ತೇನೆ. ದುಡ್ಡು ಕೊಡುವ ಮೊದಲು ರೂಮು ನೋಡಲೇಬೇಕು. "ಖೋ ದೂ ಹಾಂಗ್ ಕೋನ್" ಅಂದರೆ "ಮೊದಲು ರೂಮು ತೋರಿಸಿ". ಗಂಡಸರು ಕೊನೆಗೆ "ಖ್ರಪ್", ಹೆಂಗಸರು "ಖಾ" ಸೇರಿಸಿದರೆ ವಿನಯ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಲ್ಲಿ ಇದು ರೂಢಿ.

ಒಳಗೆ ಹೋದ ತಕ್ಷಣ ಬಾಗಿಲು ಹಾಕಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಬಾಗಿಲು ತೆರೆದಿರುವಾಗ ಮುಗ್ಗಲು ವಾಸನೆ ಗೊತ್ತಾಗುವುದಿಲ್ಲ, ಮುಚ್ಚಿದಾಗ ಬರುತ್ತದೆ. ನಂತರ ಮಂಚದ ತಲೆಯ ಕಡೆಯ ಗೋಡೆ. ನೆಲದಿಂದ ಒಂದು ಗೇಣು ಮೇಲೆ ಹೆಬ್ಬೆರಳು ಒತ್ತಿ ನೋಡಿ. ಬಣ್ಣ ಗುಳ್ಳೆಯಾಗಿ ಟೊಳ್ಳು ಅನ್ನಿಸಿದರೆ, ಬೆರಳಿಗೆ ಬಿಳಿ ಪುಡಿ ಹತ್ತಿದರೆ, ಆ ಗೋಡೆ ಉಪ್ಪು ಬಿಟ್ಟಿದೆ ಎಂದರ್ಥ. ಅಂಥ ರೂಮಿಗೆ ಹೊಸ ಬಣ್ಣ ಬಳಿದಿದ್ದರೂ ತೇವ ಹೋಗಿರುವುದಿಲ್ಲ. ದಿಂಬಿನ ಕವರ್ ತೆಗೆದು ಒಳಗಿನ ದಿಂಬು ಮೂಸಿ. ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಸಾಲಿನಲ್ಲಿ ಕಪ್ಪು ಚುಕ್ಕಿಗಳಿವೆಯಾ ನೋಡಿ. ಒತ್ತೊತ್ತಾಗಿ, ಶಾಯಿ ಚುಕ್ಕಿಯ ಹಾಗಿದ್ದರೆ ತಿಗಣೆ. ಹರಡಿಕೊಂಡ ಬೂದು ಕಲೆಯಾದರೆ ಬೂಸ್ಟು. ಎರಡರಲ್ಲಿ ಯಾವುದಿದ್ದರೂ ರೂಮು ಬೇಡ.

ಬಚ್ಚಲಲ್ಲಿ ಒಂದು ಮಗ್ ನೀರು ನೆಲಕ್ಕೆ ಸುರಿಯಿರಿ. ಒಂದು ನಿಮಿಷದಲ್ಲಿ ಇಂಗಿ ಹೋಗದೆ ಬಾಗಿಲ ಕಡೆ ಹರಿದರೆ ಇಳಿಜಾರು ಸರಿಯಿಲ್ಲ. ಅಗ್ಗದ ರೂಮುಗಳಲ್ಲಿ ಷವರ್‌ಗೂ ಕಮೋಡ್‌ಗೂ ಮಧ್ಯೆ ತಡೆ ಇರುವುದಿಲ್ಲ, ಹಾಗಾಗಿ ಇದು ಮುಖ್ಯ. ಕಮೋಡ್ ಪಕ್ಕ ನೀರಿನ ಪಿಚಕಾರಿ ಎಲ್ಲ ಕಡೆ ಇರುತ್ತದೆ, ಆ ಚಿಂತೆ ಬೇಡ. ಕಾಗದ ಮಾತ್ರ ಬುಟ್ಟಿಗೆ ಹಾಕಿ. ಪೈಪು ಸಣ್ಣದು, ಕಟ್ಟಿಕೊಳ್ಳುತ್ತದೆ.

ಚೀಲದ ಪಯಣ
ತುಂಬ ಉಪಕಾರ. ಎ.ಸಿ. ಪ್ರಶ್ನೆ ಉಳಿಯಿತು. ಫ್ಯಾನ್ ರೂಮು 350ಕ್ಕೆ, ಎ.ಸಿ. 500ಕ್ಕೆ ಸಿಗುವ ಹಾಗೆ ಕಾಣುತ್ತದೆ.

ತುಂಗಾತೀರ
ನನ್ನ ಮಟ್ಟಿಗೆ ಎ.ಸಿ.ಯೇ ಸರಿ. ಆಗಸ್ಟ್‌ನಲ್ಲಿ ಸೆಖೆಗಿಂತ ತೇವ ತೊಂದರೆ ಕೊಡುವುದು. ಎ.ಸಿ. ರಿಮೋಟಿನಲ್ಲಿ ನೀರಿನ ಹನಿಯ ಗುರುತು ಇರುತ್ತದಲ್ಲ, ಅದು ಡ್ರೈ ಮೋಡ್. ಗಾಳಿಯ ನೀರನ್ನೇ ಹಿಂಡಿ ಹೊರಗೆ ಹಾಕುತ್ತದೆ.

ಕಡಲತಡಿ
ಎ.ಸಿ. ರೂಮು ಅಂತ ಹೇಳಿ ಕಿಟಕಿಯೇ ಇಲ್ಲದ ರೂಮು ಕೊಡ್ತಾರೆ, ಅದು ಗೊತ್ತಿರಲಿ. ಎರಡು ಕಡೆ ಕಿಟಕಿ ಇರುವ ಫ್ಯಾನ್ ರೂಮು ಅದಕ್ಕಿಂತ ಎಷ್ಟೋ ಮೇಲು. ದಿನಕ್ಕೆ 150 ಬಾತ್ ವ್ಯತ್ಯಾಸ, ಐದು ರಾತ್ರಿಗೆ 750. ಬಟ್ಟೆ ಒಣಗಿಸಲಿಕ್ಕೇ ಎ.ಸಿ. ಬೇಕು ಅಂತಾದರೆ, ನಾಣ್ಯ ಹಾಕುವ ಡ್ರೈಯರ್ ಒಂದು ಸಲಕ್ಕೆ 40ರಿಂದ 60 ಬಾತ್. ಎರಡು ಸಲ ಹೋದರೂ 120 ದಾಟುವುದಿಲ್ಲ.

ತುಂಗಾತೀರ
ಕಿಟಕಿ ಇಲ್ಲದ ರೂಮು ಬೇಡ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವಾಗ ಎರಡು ಕಿಟಕಿ ತೆರೆದರೂ ಒಳಗೆ ಬರುವುದು ಅದೇ ಗಾಳಿ. ಕ್ಯಾಮೆರಾ, ಪುಸ್ತಕ, ಚರ್ಮದ ಚಪ್ಪಲಿ ಇದ್ದರೆ ಎ.ಸಿ. ತೆಗೆದುಕೊಳ್ಳಿ. ಚೀಲದಲ್ಲಿ ನಾಲ್ಕು ಬಟ್ಟೆ ಮಾತ್ರ ಅಂದರೆ ಕಡಲತಡಿಯವರ ಲೆಕ್ಕ ಸರಿ.

ಎ.ಸಿ. ಹಿಡಿದರೆ ಎರಡು ಎಚ್ಚರ. 25ರಿಂದ 26 ಡಿಗ್ರಿಗೆ ಇಡಿ. 20ಕ್ಕೆ ಇಳಿಸಿ ಆಮೇಲೆ ಕಿಟಕಿ ತೆರೆದರೆ ತಣ್ಣಗಾದ ಗೋಡೆ, ಕನ್ನಡಿ, ನೆಲ ಎಲ್ಲ ಬೆವರುತ್ತವೆ. ಕ್ಯಾಮೆರಾವನ್ನು ತಣ್ಣನೆ ರೂಮಿನಿಂದ ಹೊರಗೆ ಒಯ್ದಾಗ ಇಪ್ಪತ್ತು ನಿಮಿಷ ಚೀಲದಲ್ಲೇ ಇಟ್ಟು ಆಮೇಲೆ ತೆಗೆಯಿರಿ, ಇಲ್ಲದಿದ್ದರೆ ಲೆನ್ಸ್ ಮಂಜಾಗುತ್ತದೆ. ಇನ್ನೊಂದು, ಎ.ಸಿ. ಹಾಕಿ ಹತ್ತು ನಿಮಿಷ ಕಾದು ಕೆಳಗೆ ನೀರು ತೊಟ್ಟಿಕ್ಕುತ್ತದಾ ನೋಡಿ. ನೀರು ಹೊರಗೆ ಹೋಗುವ ಪೈಪಿನಲ್ಲಿ ಲೋಳೆ ಕಟ್ಟಿದರೆ ತಟ್ಟೆ ತುಂಬಿ ನೇರ ಹಾಸಿಗೆಗೆ ಸುರಿಯುತ್ತದೆ. ಅದನ್ನು ರಾತ್ರಿ ಹನ್ನೊಂದಕ್ಕೆ ರಿಪೇರಿ ಮಾಡಲು ಯಾರೂ ಬರುವುದಿಲ್ಲ, ಆಗಲೇ ರೂಮು ಬದಲಿಸಿಕೊಳ್ಳಿ. "ಪ್ಲಿಯನ್ ಹಾಂಗ್ ದಾಯ್ ಮೈ" ಎಂದು ಕೇಳಬೇಕು.

ಧಾರವಾಡ ಮಂದಿ
ಕರೆಂಟಿನ ವಿಷಯ ಯಾರೂ ಹೇಳಿಲ್ರಿ, ನಾ ಹೇಳ್ತೀನಿ. ಅಲ್ಲೂ 220 ವೋಲ್ಟ್, 50 ಹರ್ಟ್ಜ್, ನಮ್ಮ ಚಾರ್ಜರ್ ನಡೀತಾವ. ಎರಡು ಗುಂಡು ಪಿನ್ ಇದ್ದರ ಸೀದಾ ಕೂಡ್ತದ. ನಮ್ಮ ಮೂರು ಗುಂಡು ಪಿನ್ ಮಾತ್ರ ಹಿಡಿಸೂದಿಲ್ಲ, ಲ್ಯಾಪ್‌ಟಾಪ್ ಇದ್ದರ ಅಡಾಪ್ಟರ್ ಇಲ್ಲಿಂದನ ಒಯ್ಯರಿ.

ಬಚ್ಚಲದಾಗ ನಮ್ಮಂಗ ಡ್ರಮ್ ಗೀಸರ್ ಇರೂದಿಲ್ಲ. ಗ್ವಾಡಿಗೆ ಹಚ್ಚಿದ ಸಣ್ಣ ಡಬ್ಬಿ, 3,500 ವ್ಯಾಟ್ ಆಸುಪಾಸು, ನೀರು ಹರಿಯೂ ಹೊತ್ತಿಗೇ ಕಾಯಿಸ್ತದ. ಅದರೊಳಗ ನೀರಿನ ಒತ್ತಡ ನೋಡೂ ಸ್ವಿಚ್ ಇರ್ತದ. ನಳ ಸಣ್ಣಗ ಬಿಟ್ಟರ ಡಬ್ಬಿ ಹೊತ್ತೂದs ಇಲ್ಲ. ಮೊದಲು ಪೂರ್ತಿ ಬಿಡ್ರಿ, ಕೆಂಪು ದೀಪ ಹತ್ತಿದ ಮ್ಯಾಲೆ ಸ್ವಲ್ಪ ಕಡಿಮಿ ಮಾಡ್ರಿ, ಬಿಸಿ ಏರ್ತದ. ಮುಂಜಾನೆ ಏಳರಿಂದ ಎಂಟು ಎಲ್ಲಾರೂ ಜಳಕ ಮಾಡೂ ಹೊತ್ತು. ಒತ್ತಡ ಬಿದ್ದು ನಡುವs ತಣ್ಣೀರು ಬಂದರ ಡಬ್ಬಿ ಕೆಟ್ಟದ ಅಂತ ತಿಳೀಬ್ಯಾಡ್ರಿ, ಅರ್ಧ ತಾಸು ಬಿಟ್ಟು ನೋಡ್ರಿ.

ಆ ಡಬ್ಬಿ ಮ್ಯಾಲೆ "ಟೆಸ್ಟ್" ಅಂತ ಒಂದು ಗುಂಡಿ ಇರ್ತದ. ಮೊದಲನೇ ಜಳಕಕ್ಕಿಂತ ಮುಂಚೆ, ಒಣಗಿದ ಕೈಲೆ, ಒತ್ತಿ ನೋಡ್ರಿ. ಟಕ್ ಅಂತ ಬಂದ್ ಆದರ ಶಾಕ್ ತಡಿಯೂ ವ್ಯವಸ್ಥಾ ನಡದದ. ಬಂದ್ ಆಗಲಿಲ್ಲಂದರ ಆ ಡಬ್ಬಿ ಹಚ್ಚಲೇಬ್ಯಾಡ್ರಿ. ಹಸಿ ನೆಲ, ಹಸಿ ಗ್ವಾಡಿ, ಇದರಾಗ ಹುಡುಗಾಟ ನಡೆಯೂದಿಲ್ಲ. ಕೆಳಗ ಹೋಗಿ ಬ್ಯಾರೆ ರೂಮು ಕೇಳ್ರಿ.

ಚೀಲದ ಪಯಣ
ಸರ್, ಈ ಗುಂಡಿಯ ವಿಷಯ ಗೊತ್ತೇ ಇರಲಿಲ್ಲ. ಬಟ್ಟೆ ರೂಮಿನಲ್ಲೇ ಒಗೆದು ಒಣಗಿಸಲು ಆಗುತ್ತದಾ?

ಬ್ಯಾಂಕಾಕ್ ಕನ್ನಡತಿ
ತೆಳು ಬಟ್ಟೆ ಆಗುತ್ತದೆ, ಜೀನ್ಸ್ ಆಗುವುದಿಲ್ಲ. ಒಗೆದು ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಅಗಲವಾಗಿ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಹತ್ತಿ ನಿಂತು ತುಳಿಯಿರಿ. ಬರೀ ಕೈಯಲ್ಲಿ ಹಿಂಡಿದರೆ ಹೋಗದ ನೀರು ಟವೆಲಿಗೆ ಹೋಗುತ್ತದೆ. ನಂತರ ಫ್ಯಾನಿನ ಎದುರು, ಬಟ್ಟೆ ಬಟ್ಟೆಗೆ ನಾಲ್ಕು ಬೆರಳು ಅಂತರ ಬಿಟ್ಟು ನೇತುಹಾಕಿ. ಪಾಲಿಯೆಸ್ಟರ್ ನಾಲ್ಕೈದು ಗಂಟೆಗೆ ಒಣಗುತ್ತದೆ, ದಪ್ಪ ಹತ್ತಿ ಮರುದಿನವೂ ಸಂಶಯ. ಅರೆ ಒಣಗಿದ್ದನ್ನು ಬೀರುವಿನಲ್ಲಿ ಇಟ್ಟು ಬಾಗಿಲು ಹಾಕಬೇಡಿ, ಒಂದೇ ರಾತ್ರಿಯಲ್ಲಿ ಮುಗ್ಗಲು ಹಿಡಿಯುತ್ತದೆ. ಕೆಲವು ಕಡೆ ಕೀಲಿಯ ಬಿಲ್ಲೆ ಗೋಡೆಗೆ ಸಿಕ್ಕಿಸಿದರೆ ಮಾತ್ರ ಕರೆಂಟ್. ಅಲ್ಲಿ ನೀವು ಹೊರಗೆ ಹೋದ ಕೂಡಲೇ ಫ್ಯಾನೂ ನಿಲ್ಲುತ್ತದೆ, ಬಟ್ಟೆ ರಾತ್ರಿಯೇ ಒಣಗಿಸಿಕೊಳ್ಳಬೇಕು.

ಲಾಂಡ್ರಿಗೆ ಕೊಡುವುದಾದರೆ ಕಿಲೋಗೆ 40ರಿಂದ 60 ಬಾತ್. ಮಳೆಗಾಲದಲ್ಲಿ "ನಾಳೆ" ಅಂದರೆ ನಾಡಿದ್ದು. ಊರು ಬಿಡುವ ಹಿಂದಿನ ದಿನ ಕೊಡಬೇಡಿ.

ಈಗ ಕಾಗದಪತ್ರ. ವಿದೇಶೀಯರು ಉಳಿದರೆ 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸುವುದು ಮನೆ ಮಾಲೀಕರ ಹೊಣೆ, ಟಿ.ಎಂ. 30 ಅನ್ನುತ್ತಾರೆ. ಅದಕ್ಕೇ ಪಾಸ್‌ಪೋರ್ಟ್ ಕೇಳುವುದು. ಫೋಟೋ ಅಥವಾ ಜೆರಾಕ್ಸ್ ತೆಗೆದುಕೊಂಡು ಅಲ್ಲೇ ವಾಪಸ್ ಕೊಡಬೇಕು, ಕೌಂಟರಿನಲ್ಲಿ ಬಿಟ್ಟು ಬರಬೇಡಿ. ಕೀಲಿಗೆ 100–200 ಬಾತ್ ಠೇವಣಿ ಕೇಳಿದರೆ ಚೀಟಿ ಬರೆಸಿಕೊಳ್ಳಿ.

ಪ್ರವೇಶಕ್ಕೆ ಮೊದಲು ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. 2025ರ ಮೇ 1ರಿಂದ ಕಡ್ಡಾಯ. ತಲುಪುವ ದಿನಕ್ಕೆ ಮೂರು ದಿನದೊಳಗೆ, ಸರ್ಕಾರದ ಜಾಲತಾಣದಲ್ಲಿ, ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ. ಭಾರತೀಯರಿಗೆ ವೀಸಾ ವಿನಾಯಿತಿ 2024ರ ಜುಲೈನಲ್ಲಿ 60 ದಿನಕ್ಕೆ ಏರಿತ್ತು. ಈ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ದಿನ ರಾಯಭಾರ ಕಚೇರಿಯ ಪುಟ ನೋಡಿಯೇ ಮುಂದುವರಿಯಿರಿ.

ಎ.ಟಿ.ಎಂ.ನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220ರಿಂದ 250 ಬಾತ್ ಕಡಿತ. ಸಣ್ಣ ಸಣ್ಣ ಮೊತ್ತ ಐದು ಸಲ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ. "ರೂಪಾಯಿಗೆ ಪರಿವರ್ತಿಸಲೇ" ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಅದರ ದರ ನಿಮ್ಮ ಬ್ಯಾಂಕಿಗಿಂತ ದುಬಾರಿ.

ಅಕ್ಕಿರೊಟ್ಟಿ
ಊಟದ್ದು ನಾನು ಹೇಳುತ್ತೇನೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಥಾಯ್ಲೆಂಡಿನಲ್ಲಿ ಒಂದು ಪದ ಸಾಕು: "ಜೇ". ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ. ಚೀನೀ ಬೌದ್ಧ ಪದ್ಧತಿಯ ಈ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟದ ನಿಯಮಕ್ಕೆ ಇಷ್ಟು ಹತ್ತಿರದ್ದು ಅಲ್ಲಿ ಬೇರೆ ಸಿಗುವುದಿಲ್ಲ. "ಮಾಂಗ್ಸವಿರಾತ್" ಎಂದರೆ ಸಸ್ಯಾಹಾರ ಹೌದು, ಆದರೆ ಮೊಟ್ಟೆ ಬರಬಹುದು, ಬೆಳ್ಳುಳ್ಳಿ ಖಂಡಿತ ಇರುತ್ತದೆ. ರಾನೋಂಗ್ ಚೀನೀ ಮೂಲದವರು ಕಟ್ಟಿದ ತವರದ ಗಣಿಯ ಊರು, ಜೇ ಅಂಗಡಿ ಪೇಟೆಯಲ್ಲೇ ಹುಡುಕಬಹುದು. ಬೆಳಗ್ಗೆ ತೆರೆದು ಮಧ್ಯಾಹ್ನ ಎರಡರ ಹೊತ್ತಿಗೆ ಖಾಲಿ ಮಾಡುವವೇ ಹೆಚ್ಚು, ರಾತ್ರಿಯ ಊಟ ಆಗಲೇ ಕಟ್ಟಿಸಿಕೊಂಡು ಬನ್ನಿ. ಒಂಬತ್ತು ದಿನದ ಜೇ ಹಬ್ಬ ಬರುವುದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ. ಆಗಸ್ಟ್‌ನಲ್ಲಿ ಆ ಅನುಕೂಲ ಇಲ್ಲ.

ಸಾಮಾನ್ಯ ಅಂಗಡಿಯಲ್ಲಿ ಮೀನು ಎಲ್ಲಿ ಅಡಗಿರುತ್ತದೆ ಅಂದರೆ: ಹೆಚ್ಚಿನ ಕರಿ ಪೇಸ್ಟಿನಲ್ಲಿ ಕಪಿ, ಅಂದರೆ ಹುದುಗಿಸಿದ ಸಿಗಡಿಯ ಪೇಸ್ಟ್, ಮೊದಲೇ ಅರೆದಿರುತ್ತದೆ. ಅದನ್ನು "ಹಾಕಬೇಡಿ" ಅನ್ನುವುದರಲ್ಲಿ ಅರ್ಥವಿಲ್ಲ. ಕರಿ ಬಿಟ್ಟು ಹುರಿದ ತರಕಾರಿ ಕೇಳಿ: "ಪತ್ ಪಕ್, ಮೈ ಸೈ ನಾಮ್ ಪ್ಲಾ, ಮೈ ಸೈ ನಾಮ್ ಮನ್ ಹೋಯ್, ಮೈ ಸೈ ಕ್ರತಿಯಮ್". ಮೀನಿನ ರಸ, ಸಿಂಪಿಯ ಸಾಸ್, ಬೆಳ್ಳುಳ್ಳಿ ಮೂರೂ ಬೇಡ ಎಂದ ಹಾಗಾಯಿತು. ಬಾಣಲೆ ಮಾತ್ರ ಅದೇ ಇರುತ್ತದೆ, ಅದು ಆಗದಿದ್ದರೆ ಜೇ ಅಂಗಡಿಯೊಂದೇ ದಾರಿ.

ಊರಿನ ತುಂಬ ಬರ್ಮಾದ ಕೆಲಸಗಾರರಿದ್ದಾರೆ, ಅವರ ಚಹಾ ಅಂಗಡಿಗಳಿವೆ. ಹಾಲು ಹಾಕಿದ ಗಟ್ಟಿ ಚಹಾ, ಪರೋಟದಂಥ ಪಲಾಟಾ ಸಿಗುತ್ತದೆ. ಅಲ್ಲಿನ ಸಮೋಸದಲ್ಲಿ ಈರುಳ್ಳಿ ಇರುತ್ತದೆ, ಕೆಲವೊಮ್ಮೆ ಮಾಂಸವೂ, ಕೇಳಿ ತಿನ್ನಿ. ಗೆಸ್ಟ್‌ಹೌಸ್ ಕೆಟಲಿನಲ್ಲಿ ಹಾಲು, ನೂಡಲ್ಸ್ ಕುದಿಸಬೇಡಿ, ತಳ ಹಿಡಿದರೆ ದಂಡ ಕಟ್ಟಿಸುತ್ತಾರೆ. ಬಿಸಿ ನೀರು ಮಾತ್ರ ಕಾಯಿಸಿ, ಊರಿಂದ ಒಯ್ದ ಗೊಜ್ಜವಲಕ್ಕಿ ಮಿಶ್ರಣಕ್ಕೆ ಬೇರೆ ಡಬ್ಬಿಯಲ್ಲಿ ಹಾಕಿ ಎಂಟು ನಿಮಿಷ ಮುಚ್ಚಿಟ್ಟರೆ ಊಟವಾಯಿತು. ಕೋ ಫಯಾಮಿನ ಗೇರುಬೀಜ ಪೇಟೆಯಲ್ಲೇ ಮಾರುತ್ತಾರೆ, ಮಳೆಗಾಲಕ್ಕೆ ಗಾಳಿಯಾಡದ ಪೊಟ್ಟಣದ್ದನ್ನೇ ಕೊಳ್ಳಿ.

ಕಡಲತಡಿ
ದೋಣಿಯದ್ದು. ಪಾಕ್ ನಾಮ್ ಕಡೆಯ ಧಕ್ಕೆಯಿಂದ ಕೋ ಫಯಾಮಿಗೆ ನಿಧಾನದ ದೋಣಿಯಾದರೆ ಎರಡು ಗಂಟೆ, ಸ್ಪೀಡ್‌ಬೋಟ್ ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಸಂಖ್ಯೆ ಕಡಿಮೆ, ದ್ವೀಪದ ಬಹಳಷ್ಟು ಬಂಗಲೆಗಳೂ ಮುಚ್ಚಿರುತ್ತವೆ. ಥಾಯ್ ಹವಾಮಾನ ಇಲಾಖೆ ಅಲೆ ಎರಡು ಮೂರು ಮೀಟರ್, ಸಣ್ಣ ದೋಣಿ ದಡದಲ್ಲೇ ಇರಲಿ ಎಂದು ಎಚ್ಚರಿಕೆ ಕೊಟ್ಟ ದಿನ ಯಾರು ಎಷ್ಟೇ ಕರೆದರೂ ಹತ್ತಬೇಡಿ. ದ್ವೀಪಕ್ಕೆ ಹೋಗಿ ಮರುದಿನವೇ ಬ್ಯಾಂಕಾಕ್ ವಿಮಾನ ಅಂತ ಇಟ್ಟುಕೊಳ್ಳಲೇಬೇಡಿ. ಮಧ್ಯೆ ಕನಿಷ್ಠ ಒಂದು ರಾತ್ರಿ ರಾನೋಂಗ್ ಪೇಟೆಯಲ್ಲಿ.

ದೋಣಿ ಇಲ್ಲದ ದಿನಕ್ಕೆ ರಕ್ಸಾವರಿನ್ ಬಿಸಿನೀರಿನ ಬುಗ್ಗೆ ಇದೆ, ಪೇಟೆಯಿಂದ ಎರಡು ಕಿಲೋಮೀಟರ್ ಅಷ್ಟೇ. ಮೂಲದಲ್ಲಿ ನೀರು 65 ಡಿಗ್ರಿ, ಅಲ್ಲಿ ಕೈ ಹಾಕಬೇಡಿ. ಪಕ್ಕದ ತೊಟ್ಟಿಗಳಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಹೊರಗೆ ಜಡಿಮಳೆ, ಮೊಣಕಾಲ ತನಕ ಬಿಸಿನೀರು. ಮಳೆಗಾಲದಲ್ಲೇ ಹೋಗಬೇಕಾದ ಜಾಗ ಅದು. ನ್ಗಾವ್ ಜಲಪಾತ, ಹೆದ್ದಾರಿಯ ಪಕ್ಕದ ಪುನ್ಯಬಾನ್ ಜಲಪಾತ ಎರಡೂ ಆಗಸ್ಟ್‌ನಲ್ಲಿ ತುಂಬಿರುತ್ತವೆ. ನೀರು ಕೆಂಪಾಗಿ, ಕಸಕಡ್ಡಿ ಹೊತ್ತು ಬರಲು ಶುರುವಾದರೆ ತಕ್ಷಣ ಬಂಡೆಯಿಂದ ಮೇಲೆ ಬನ್ನಿ, ಮೇಲಿನ ಬೆಟ್ಟದಲ್ಲಿ ದೊಡ್ಡ ಮಳೆ ಆಗಿದೆ ಎಂದರ್ಥ.

ತುಂಗಾತೀರ
ಆರೋಗ್ಯದ ಮಾತು ಸೇರಿಸಲೇಬೇಕು. ರಸ್ತೆಯಲ್ಲಿ ನಿಂತ ನೀರಿಗೆ ಬರಿಗಾಲು ಅಥವಾ ಗಾಯದ ಕಾಲು ಇಡಬೇಡಿ. ಇಲಿ ಜ್ವರ ಅಲ್ಲೂ ಇದೆ. ಇಳಿಯಬೇಕಾಗಿ ಬಂದರೆ ರೂಮಿಗೆ ಬಂದ ಕೂಡಲೇ ಸೋಪಿನಲ್ಲಿ ತೊಳೆದು ಬೆರಳ ಸಂದಿ ಒರೆಸಿ. ಸೊಳ್ಳೆ ಹಗಲು ಹೊತ್ತೇ ಕಚ್ಚುವುದು ಡೆಂಗಿಯದ್ದು, ಕಿಟಕಿಯ ಜಾಲರಿ ಹರಿದಿದೆಯಾ ನೋಡಿಕೊಳ್ಳಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಆಸ್ಪಿರಿನ್ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಊರಿಗೆ ಮರಳಿದ ಮೇಲೆ ಎರಡು ಮೂರು ವಾರದೊಳಗೆ ಜ್ವರ ಬಂದರೂ ಡಾಕ್ಟರಿಗೆ ಪ್ರಯಾಣದ ವಿಷಯ ಹೇಳಿ. ಆಂಬ್ಯುಲೆನ್ಸ್ 1669, ಪ್ರವಾಸಿ ಪೊಲೀಸ್ 1155.

ಚೀಲದ ಪಯಣ
ಊರೊಳಗೆ ಓಡಾಡಲು ಸ್ಕೂಟರ್ ಬಾಡಿಗೆ ಹಿಡಿಯಲೇ?

ಧಾರವಾಡ ಮಂದಿ
ಎಡಕ್ಕ ಓಡಿಸೂದು, ನಮ್ಮಂಗನ. ಆದರ ಅಂತರರಾಷ್ಟ್ರೀಯ ಪರವಾನಗಿ ಬೇಕು, ಅದರಾಗ ದ್ವಿಚಕ್ರದ ಮುದ್ರಿ ಇರಬೇಕು. ಇಲ್ಲಂದರ ದಂಡಾನೂ ಹೌದು, ಅಪಘಾತ ಆದರ ವಿಮಾ ಕಂಪನಿ ಕೈ ಎತ್ತತಾದ. ಪಾಸ್‌ಪೋರ್ಟ್ ಅಡ ಇಡಬ್ಯಾಡ್ರಿ. ಮಳಿಯಾಗ ರಸ್ತಾದ ಬಿಳಿ ಪಟ್ಟಿ ಮ್ಯಾಲೆ ಬ್ರೇಕ್ ಹಿಡದರ ಜಾರಿ ಬೀಳೂದs. ಐದು ದಿನಕ್ಕ ಸಾಂಗ್‌ಥ್ಯಾವ್ ಸಾಕ್ರಿ, ಹಿಂದ ಬೆಂಚ್ ಹಾಕಿದ ಪಿಕಪ್ ಗಾಡಿ. ಹತ್ತೂಕಿಂತ ಮೊದಲು ಊರಿನ ಹೆಸರು ಹೇಳಿ ಕೇಳ್ರಿ, ಇಳಿಯೂಮುಂದ ಗಂಟಿ ಒತ್ತರಿ, ಇಳದ ಮ್ಯಾಲೆ ಡ್ರೈವರ್‌ಗೆ ರೊಕ್ಕ ಕೊಡ್ರಿ. ಚಿಲ್ಲರ ಇರಲಿ.

ಬ್ಯಾಂಕಾಕ್ ಕನ್ನಡತಿ
ಬರುವ ಹೋಗುವ ದಾರಿ: ಬ್ಯಾಂಕಾಕಿನ ದಕ್ಷಿಣ ಬಸ್ ನಿಲ್ದಾಣ ಸಾಯ್ ತಾಯ್ ಮಾಯ್‌ನಿಂದ ಎಂಟೊಂಬತ್ತು ಗಂಟೆ. ಇಲ್ಲವೇ ರಾತ್ರಿ ರೈಲಿನಲ್ಲಿ ಚುಂಫೊನ್, ಅಲ್ಲಿಂದ ಮಿನಿವ್ಯಾನ್ ಸುಮಾರು 120 ಕಿಲೋಮೀಟರ್, ಬೆಟ್ಟದ ತಿರುವು. ವಾಂತಿ ಆಗುವವರು ಮುಂದಿನ ಸೀಟು ಕೇಳಿ. ಬ್ಯಾಂಕಾಕಿನ ಡಾನ್ ಮುವಾಂಗ್ ವಿಮಾನ ನಿಲ್ದಾಣದಿಂದ ವಿಮಾನವೂ ಇದೆ, ಆದರೆ ಜೋರು ಮಳೆಗೆ ತಡವಾಗುವುದು ಸಾಮಾನ್ಯ. ಹೆದ್ದಾರಿಯಲ್ಲಿ ತಪಾಸಣೆ ಠಾಣೆಗಳಿವೆ, ಗಡಿಯ ಊರು ತಾನೇ. ಪಾಸ್‌ಪೋರ್ಟ್ ಡಿಕ್ಕಿಯ ಚೀಲದಲ್ಲಿ ಅಲ್ಲ, ಮೈಮೇಲೆ ಇರಲಿ. ಎದುರು ದಡದ ಕಾವ್‌ಥೌಂಗ್ ಮ್ಯಾನ್ಮಾರ್‌ನದ್ದು, ಅಲ್ಲಿಗೆ ದೋಣಿಯಲ್ಲಿ ದಾಟಿ ಬರುವ ಯೋಚನೆ ಇಟ್ಟುಕೊಳ್ಳಬೇಡಿ.

ಚೀಲದ ಪಯಣ
ಬೆಳಗ್ಗೆ ಏಳರ ವ್ಯಾನಿಗೆ ಹೊರಡಬೇಕು. ಗೆಸ್ಟ್‌ಹೌಸ್‌ನಿಂದ ಎಷ್ಟು ಹೊತ್ತು ಮುಂಚೆ ಬಿಡಬೇಕು?

ಬ್ಯಾಂಕಾಕ್ ಕನ್ನಡತಿ
ಮಳೆ ಇದ್ದರೆ ಒಂದು ಗಂಟೆ ಮುಂಚೆ, ಸಾಂಗ್‌ಥ್ಯಾವ್ ಆ ಹೊತ್ತಿಗೆ ಕಡಿಮೆ. ಕೀಲಿಯ ಠೇವಣಿ ಹಿಂದಿನ ರಾತ್ರಿಯೇ ವಾಪಸ್ ಪಡೆಯಿರಿ, ಬೆಳಗ್ಗೆ ಆರಕ್ಕೆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ.

ಇನ್ನೊಂದು, ಇದು ಫೋನಿನ ವಿಷಯ. ಆಚೆ ದಡ ಕೆಲವೇ ಕಿಲೋಮೀಟರ್ ದೂರ. ಫೋನು ಒಮ್ಮೊಮ್ಮೆ ಮ್ಯಾನ್ಮಾರ್ ಟವರ್ ಹಿಡಿಯಬಹುದು. ಅಲ್ಲಿನ ಸಮಯ ಥಾಯ್ಲೆಂಡಿಗಿಂತ ಅರ್ಧ ಗಂಟೆ ಹಿಂದೆ. ರಾತ್ರಿ ಹಾಗಾದರೆ ಐದೂವರೆಯ ಅಲಾರಂ ಆರಕ್ಕೆ ಬಡಿಯುತ್ತದೆ. ರಾನೋಂಗ್ ತಲುಪಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ವಯಂಚಾಲಿತ ಸಮಯ ವಲಯ ಆಫ್ ಮಾಡಿ ಕೈಯಾರೆ ಬ್ಯಾಂಕಾಕ್ ಆರಿಸಿ, ನೆಟ್‌ವರ್ಕ್ ಆಯ್ಕೆಯನ್ನೂ ನಿಮ್ಮ ಥಾಯ್ ಸಿಮ್ಮಿನ ಕಂಪನಿಗೆ ಕಟ್ಟಿಹಾಕಿ. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇರಲಿ.